ಕೆನೆಯುವ ಕುದುರೆಯ ಪರವಾಗಿ

ಜೊತೆಗಿದ್ದ ಕುದುರೆಯನ್ನು ಲಾಯದಿಂದ ಆಚೆ ಹೊಡೆದುಕೊಂಡು ಹೋದರೆ ಸಾಕು, ಉಳಿದದ್ದು ಕೆನೆಯತೊಡಗುತ್ತದೆ. ಬಾಗಿಲಲ್ಲಿ ನಿಂತು ಎಡಕ್ಕೂ ಬಲಕ್ಕೂ ತೂಗುತ್ತದೆ, ಬೆವರುತ್ತದೆ, ಮುಂದಿಟ್ಟ ಹುರುಳಿಯನ್ನು ಮೂಸಿಯೂ ನೋಡುವುದಿಲ್ಲ. ನೋಡಿದವರು ಇದನ್ನು ಹಟ ಎಂದುಬಿಡುತ್ತಾರೆ. ನನಗೆ ಕಾಣುವುದು ಬರೀ ದಿಗಿಲು. ಹಿಂಡಿನಲ್ಲಿ ಬಾಳಿದ ಪ್ರಾಣಿಗೆ ಒಂಟಿಯಾಗುವುದೆಂದರೆ ತೋಳಕ್ಕೆ ಸಿಕ್ಕಿದಂತೆಯೇ. ಕುದುರೆ ನಿಂತೇ ತೂಕಡಿಸಬಲ್ಲದು, ನಿಜ. ಆದರೆ ಕನಸು ಬೀಳುವಂಥ ನಿದ್ದೆಗೆ ಅದು ನೆಲಕ್ಕೆ ಒರಗಬೇಕು, ಒರಗಬೇಕಾದರೆ ಇನ್ನೊಂದು ಎದ್ದು ಕಾಯಬೇಕು. ಆ ಕಾವಲೇ ಹೊರಟುಹೋದರೆ ಅರಚದೆ ಏನು ಮಾಡೀತು? ಸ್ನೇಹವಾದ ಕುದುರೆಗಳು ಎದುರುಬದುರು ನಿಂತು, ಕುತ್ತಿಗೆ ಬೆನ್ನಿಗೆ ಸೇರುವ ಕಡೆ ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುತ್ತವೆ. ಅದೇ ಜಾಗವನ್ನು ಮನುಷ್ಯರು ಕೆರೆದರೂ ಎದೆಬಡಿತ ಇಳಿಯುತ್ತದೆಂದು ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದ ಅಧ್ಯಯನವೊಂದು 1993ರಲ್ಲಿ ತೋರಿಸಿತು.

ಜೊತೆ ಕೊಟ್ಟರೆ ಕುದುರೆ ಕೆಡುತ್ತದೆ ಎನ್ನುವವರಿದ್ದಾರೆ. ಅಂಥವರು ಸೀಬಿಸ್ಕಿಟ್‌ನ ಕಥೆ ಕೇಳಬೇಕು. 1936ರಲ್ಲಿ ಅಮೆರಿಕದ ತರಬೇತುದಾರ ಟಾಮ್ ಸ್ಮಿತ್ ಕೈಗೆ ಬಂದಾಗ ಅದು ಲಾಯದಲ್ಲಿ ಸುತ್ತಿ ಸುತ್ತಿ ಸೊರಗಿದ್ದ ಓಟದ ಕುದುರೆ. ಸ್ಮಿತ್ ಮೊದಲು ಜೊತೆಗೆ ಒಂದು ಆಡನ್ನು ಬಿಟ್ಟ. ಸೀಬಿಸ್ಕಿಟ್ ಅದನ್ನು ಕಚ್ಚಿ, ಕೊಡವಿ, ಬಾಗಿಲಾಚೆ ಇಳಿಸಿತು. (ಆಡಿನ ಅಭಿಪ್ರಾಯವನ್ನು ಯಾರೂ ದಾಖಲಿಸಿಲ್ಲ.) ಆಮೇಲೆ ಬಂದದ್ದು ಪಂಪ್ಕಿನ್ ಎಂಬ ಹಳದಿ ಬಣ್ಣದ ಕುದುರೆ. ನಡುಗೋಡೆ ಕೆಡವಿಸಿ ಎರಡನ್ನೂ ಒಟ್ಟಿಗೆ ಇಟ್ಟರು. ಒಂದು ನಾಯಿ, ಒಂದು ಮಂಗವೂ ಸೇರಿಕೊಂಡವು. ಸೀಬಿಸ್ಕಿಟ್ ನೆಮ್ಮದಿಯಾಗಿ ಮಲಗಿತು. 1938ರ ನವೆಂಬರ್ 1ರಂದು ಪಿಮ್ಲಿಕೋ ಓಟದ ಮೈದಾನದಲ್ಲಿ ವಾರ್ ಅಡ್ಮಿರಲ್ ಎಂಬ ಹೆಸರಾಂತ ಕುದುರೆಯನ್ನು ಸೋಲಿಸಿತು. ಗೆಲುವಿನ ಶ್ರೇಯಸ್ಸೆಲ್ಲ ಪಂಪ್ಕಿನ್‌ದೇ ಎನ್ನಲಾರೆ, ಆದರೆ ಜೊತೆಯಿಂದ ಓಟವಂತೂ ಕೆಡಲಿಲ್ಲ.

ಹಾಗಾದರೆ ಒಂದನ್ನೊಂದು ಬಿಟ್ಟಿರದಷ್ಟು ಅಂಟಿಕೊಂಡರೆ ಸವಾರಿಗೆ ಒಂದನ್ನೇ ಒಯ್ಯುವುದು ಹೇಗೆ? ಈ ಪ್ರಶ್ನೆ ನ್ಯಾಯವಾದದ್ದೇ. ಅಗಲಿಕೆಯನ್ನು ಕಂತಿನಲ್ಲಿ ಕಲಿಸಬೇಕು. ಮೊದಲು ಗೆಳೆಯ ಕಣ್ಣಿಗೆ ಬೀಳುವಷ್ಟೇ ದೂರ; ಉಳಿದದ್ದು ಹುಲ್ಲು ಮೇಯುತ್ತಿರುವಾಗಲೇ, ಗಾಬರಿ ಹುಟ್ಟುವ ಮೊದಲೇ, ವಾಪಸು. ನಿಧಾನವಾಗಿ ದೂರ ಹೆಚ್ಚಿಸಿ, ಗೋಡೆಯ ಮರೆ, ಇನ್ನಷ್ಟು ಹೊತ್ತು. ಅಷ್ಟರಲ್ಲಿ ಮೂರನೆಯ ಕುದುರೆಯ ಪರಿಚಯವೂ ಆಗಿದ್ದರೆ ಭಾರವೆಲ್ಲ ಒಂದೇ ಗೆಳೆತನದ ಮೇಲೆ ಬೀಳುವುದಿಲ್ಲ. ಇಷ್ಟೆಲ್ಲ ಯಾಕೆ, ಕೂಡಿಹಾಕಿದರೆ ಅರಚಿ ತಾನೇ ಸುಮ್ಮನಾಗುತ್ತದೆ ಎನ್ನುವವರೂ ಇದ್ದಾರೆ. ಸುಮ್ಮನಾಗಬಹುದು, ದಣಿದು. ಅದಕ್ಕೂ ಮೊದಲು ಬೇಲಿ ಹಾರಲು ಹೋಗಿ ಕಾಲು ಮುರಿದುಕೊಂಡರೆ ಯಾರು ಹೊಣೆ? ಜೊತೆ ಬೇಕೆನ್ನುವುದನ್ನು ಕಾನೂನೂ ಒಪ್ಪಿದೆ: ಸ್ವಿಟ್ಜರ್ಲೆಂಡ್ 2008ರಲ್ಲಿ ಜಾರಿಗೆ ತಂದ ನಿಯಮದ ಪ್ರಕಾರ, ಸಾಕಿದ ಕುದುರೆಗೆ ಇನ್ನೊಂದು ಕುದುರೆಯನ್ನು ನೋಡಲು, ಕೇಳಲು, ಮೂಸಲು ಅವಕಾಶ ಇರಲೇಬೇಕು. ಒಂದೇ ಒಂದು ಕುದುರೆ ಸಾಕುವ ಆಸೆಯಿರುವವರು ಮೊದಲು ಎರಡನೆಯದರ ಹುಲ್ಲಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ಅಷ್ಟು ಹಣ ಹೊಂದಿಸಲಾಗದಿದ್ದರೆ ಕುದುರೆಯ ಆಸೆಯನ್ನೇ ಬಿಡಲಿ.