ವಯರ್ ಹಾಕಿದರೆ ಆಗದಾ ಮಾಷ್ಟ್ರೇ?

ಹತ್ತನೇ ತರಗತಿಯಲ್ಲಿ ವಿದ್ಯುತ್ ಪಾಠ. ತಾಮ್ರ ವಾಹಕ, ಪ್ಲಾಸ್ಟಿಕ್ ಅವಾಹಕ ಎಂದು ಪ್ರತಿವರ್ಷ ಹೇಳುವುದನ್ನೇ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

"ಮಾಷ್ಟ್ರೇ, ಅಪ್ಪನ ಹಾರ್ಟಿನಲ್ಲಿ ಒಂದು ಕಡೆ ಕರೆಂಟ್ ಪಾಸ್ ಆಗುವುದಿಲ್ಲವಂತೆ. ಅಲ್ಲಿಗೊಂದು ವಯರ್ ಹಾಕಿದರೆ ಆಗದಾ?"

ತರಗತಿ ನಕ್ಕಿತು. ನಾನೂ ನಕ್ಕೆ... ಅವನ ಅಪ್ಪ ಹೃದಯಾಘಾತವಾಗಿ ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬಂದು ವಾರವಷ್ಟೇ ಆಗಿತ್ತೆಂದು ಆಮೇಲೆ ಗೊತ್ತಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾ ಕೂತೆ. ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆಯೇ! ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಹಳೆ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಮಿಡಿತದ ವಿದ್ಯುತ್ ಸಂಕೇತ ಅದರಲ್ಲಿ ಸರಿಯಾಗಿ ಹರಿಯದು. (ಪೇಸ್‌ಮೇಕರಿನ ತಂತಿ ಮಿಡಿಯಲು ಸೂಚನೆ ಕೊಡುತ್ತದೆ, ಸತ್ತ ಭಾಗವನ್ನು ಬದುಕಿಸುವುದಿಲ್ಲ.) ದಿನಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುವ ಆ ಜಾಗಕ್ಕೆ ಬೇಕಾದದ್ದು ಚೈನಾ ಗ್ರಾಸಿನ ಪುಡ್ಡಿಂಗಿನಂತೆ ನೀರು ಹಿಡಿದುಕೊಂಡು ಮೆತ್ತಗಿರುವ, ಆದರೆ ಕರೆಂಟನ್ನೂ ಒಯ್ಯುವ ಜೆಲ್.

ಪ್ಲಾಸ್ಟಿಕ್ಕಿನ ಬಳಗದ ಪಾಲಿಮರಿನಲ್ಲೂ ಕರೆಂಟ್ ಹರಿಸಬಹುದೆಂದು 1977ರಲ್ಲೇ ಶಿರಾಕಾವಾ, ಮ್ಯಾಕ್‌ಡಯರ್ಮಿಡ್, ಹೀಗರ್ ತೋರಿಸಿದ್ದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ನಾನು ಮಾತ್ರ ಇನ್ನೂ 'ಪ್ಲಾಸ್ಟಿಕ್ ಅವಾಹಕ' ಎಂದು ಬರೆಸುತ್ತಿದ್ದೇನೆ!

ಕೆನಡಾದ ಟೊರಾಂಟೊದ ಸಂಶೋಧಕರು ಪಾಲಿಪಿರೋಲ್ ಎಂಬ ಅಂಥದೇ ಪಾಲಿಮರನ್ನು ಕೈಟೋಸಾನಿಗೆ ಬೆಸೆದು ಜೆಲ್ ಮಾಡಿ, ಹೃದಯಾಘಾತವಾದ ಇಲಿಗಳ ಹೃದಯಕ್ಕೆ ಚುಚ್ಚಿದರು. ಕಲೆಯ ಮೂಲಕ ಸಂಕೇತ ಹೆಚ್ಚು ವೇಗವಾಗಿ ಹಾದಿತು, ಹೃದಯದ ಕೆಲಸವೂ ಸುಧಾರಿಸಿತು ಎಂದು 2015ರಲ್ಲಿ ಪ್ರಕಟಿಸಿದರು. ಈ ಕೈಟೋಸಾನ್ ಎಲ್ಲಿಂದ ಬರುತ್ತದೆ ಗೊತ್ತೇ? ಸಿಗಡಿ, ಏಡಿಗಳ ಚಿಪ್ಪಿನಿಂದ. ನಮ್ಮ ಮೀನು ಮಾರ್ಕೆಟಿನ ಹಿಂದೆ ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ, ಅದೇ ರಾಶಿ.

ಮರುದಿನ ಎಲ್ಲರ ಎದುರೇ "ನಿನ್ನೆ ನಕ್ಕದ್ದು ನನ್ನ ತಪ್ಪು" ಎಂದು ಅವನಿಗೆ ಹೇಳಿದೆ. ಜೆಲ್ಲಿನ ಕಥೆಯನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

"ಅಪ್ಪನಿಗೆ ಹಾಕಲಿಕ್ಕೆ ಆಗ್ತದಾ?"

ಈ ಪ್ರಶ್ನೆಗೇ ನಾನು ಹೆದರಿದ್ದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇದು ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗ, ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆ ಅಲ್ಲ, ಡಾಕ್ಟರು ಕೊಟ್ಟ ಮಾತ್ರೆ ಒಂದು ದಿನವೂ ತಪ್ಪದಂತೆ ನೋಡಿಕೋ ಎಂದೆ. ತಲೆಯಾಡಿಸಿ ಕೂತ.

ಗಂಟೆ ಹೊಡೆದ ಮೇಲೆ ನೋಟ್‌ಬುಕ್ ಹಿಡಿದು ಬಂದ. "ಅದರ ಹೆಸರು ಕನ್ನಡದಲ್ಲಿ ಬರೆದು ಕೊಡಿ ಮಾಷ್ಟ್ರೇ, ಅಪ್ಪನಿಗೆ ತೋರಿಸ್ಲಿಕ್ಕೆ."

ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟೆ. ಪಾಲಿಪಿರೋಲ್.