ಗಿಣ್ಣದ ಡಬ್ಬಿ

ಹೋದ ವರ್ಷ ಹಾವೇರಿ ಕಡೆಯ ನಮ್ಮ ಹಳ್ಳಿಯಿಂದ ಪುಣೆಗೆ ರಾತ್ರಿ ಬಸ್ಸಿನಲ್ಲಿ ಒಂದು ಸ್ಟೀಲ್ ಡಬ್ಬಿ ಬಂತು. ಆಕಳು ಈದಿತ್ತು. ಮೊದಲ ದಿನ ಹಿಂಡಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಅವ್ವ ಗಿಣ್ಣ ಮಾಡಿ ಕಳಿಸಿದ್ದಳು. ಪಕ್ಕದ ಫ್ಲ್ಯಾಟಿನ ಮರಾಠಿ ಕಾಕೂಗೂ ಕೊಟ್ಟೆವು. "ಖರ್ವಸ್!" ಎಂದು ಕಣ್ಣರಳಿಸಿದರು.

ಒಂಬತ್ತನೆಯ ದಿನ ಅವ್ವನ ಫೋನು. "ಕರ ಹೋತೋ ತಮ್ಮಾ." ಭೇದಿ ಹತ್ತಿ ಎರಡೇ ದಿನಕ್ಕೆ ಸತ್ತಿತ್ತು.

ಏನು ಕೆಟ್ಟರೂ ಮೂಲ ಕಾರಣ ಹುಡುಕುವುದು ನನ್ನ ಕೆಲಸದ ಚಾಳಿ. ಪಶುವೈದ್ಯರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ: "ಹುಟ್ಟಿದ ಎಷ್ಟು ತಾಸಿಗೆ ಗಿಣ್ಣದ ಹಾಲು ಕುಡಿಸಿದ್ರಿ?"

ಅವ್ವನನ್ನು ಕೇಳಿದೆ. "ಮಾಸು ಬೀಳೋತನಕ ಬಿಡಬಾರದಲ್ಲ. ಮರುದಿನ ಮುಂಜಾನೆ ಬಿಟ್ವಿ." ಅವಳಿಗೆ ಅವಳ ಅತ್ತೆ ಹೇಳಿಕೊಟ್ಟದ್ದು.

ಮನುಷ್ಯರ ಕೂಸಿಗೆ ಹೊಟ್ಟೆಯಲ್ಲಿದ್ದಾಗಲೇ ತಾಯಿಯ ಪ್ರತಿಕಾಯಗಳು ಹರಿದು ಬರುತ್ತವೆ. ಆಕಳಿನ ಮಾಸು ಅವನ್ನು ದಾಟಿಸುವುದಿಲ್ಲ. ಕರುವಿಗೆ ಅವು ಸಿಗುವುದು ಗಿಣ್ಣದ ಹಾಲಿನಲ್ಲೇ. ಅದರ ಕರುಳು ಅವನ್ನು ಇದ್ದ ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ ಕೆಲವು ತಾಸು. 24 ತಾಸು ಕಳೆಯುವಷ್ಟರಲ್ಲಿ ಆ ದಾರಿ ಮುಚ್ಚಿಹೋಗುತ್ತದೆ. ಹುಟ್ಟಿದ ಎರಡು ತಾಸಿನೊಳಗೆ ಶುರುಮಾಡಿ, ಮೊದಲ ದಿನ ತೂಕದ ಹತ್ತನೇ ಒಂದು ಭಾಗ ಕುಡಿಸಬೇಕು. 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್. ಕರು ಮೊಲೆ ಚೀಪಿದರೆ ಮಾಸು ಬೀಳಲು ಅನುಕೂಲವೇ ಆಗುತ್ತದಂತೆ.

ಕಾಲುಬಾಯಿ ಬೇನೆಯ ಲಸಿಕೆ ಕರುವಿಗೆ ನಾಲ್ಕು ತಿಂಗಳಾದ ಮೇಲೆ. ಅಷ್ಟು ತಡವೇಕೆ ಎಂದೆ. ತಾಯಿಯಿಂದ ಬಂದ ಪ್ರತಿಕಾಯಗಳು ಮೈಯಲ್ಲಿರುವಾಗ ಲಸಿಕೆ ಸರಿಯಾಗಿ ಹತ್ತುವುದಿಲ್ಲ. "ಅಲ್ಲೀತನಕ ತಾಯಿ ಕಾಯ್ತಾಳ್ರೀ. ಆದ್ರ ತಾಯಿಗೆ ಲಸಿಕಿ ಆಗಿರಬೇಕು, ಗಿಣ್ಣ ಕರದ ಹೊಟ್ಟ್ಯಾಗ ಹೋಗಿರಬೇಕು."

ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸು ಎಂದು ಅವ್ವನ ಜೊತೆ ಜಗಳ ಮಾಡಿದವನು ನಾನೇ. ಹಾಲು ಕಡಿಮೆಯಾಗುತ್ತದೆ ಎಂದು ಒಲ್ಲೆನೆಂದಿದ್ದಳು. ನಾಲ್ಕು ದಿನದ ಮಾತು ಎಂದು ಒಪ್ಪಿಸಿದ್ದೆ. ಅದರ ಫಲವೆಲ್ಲ ಪುಣೆಯ ಫ್ರಿಜ್ಜಿಗೆ ಬಂದಿತ್ತು.

ಈ ವರ್ಷ ಅದೇ ಆಕಳು ಮತ್ತೆ ಈದಾಗ ನಾನು ಮೀಟಿಂಗ್ ಬಿಟ್ಟು ವಿಡಿಯೋ ಕಾಲ್‌ನಲ್ಲಿ ಕೂತೆ. ಅವ್ವ ಹೊಕ್ಕಳಿಗೆ ಟಿಂಚರ್ ಅಯೋಡಿನ್ ಹಚ್ಚಿದಳು. ಕರು ಎರಡು ಸಲ ಬಿದ್ದು, ಎದ್ದು, ಒಂದು ತಾಸಿನೊಳಗೆ ಕೆಚ್ಚಲಿಗೆ ಬಾಯಿ ಹಾಕಿತು. ಮಾಸು ಇನ್ನೂ ಬಿದ್ದಿರಲಿಲ್ಲ. ಅವ್ವ ಸುಮ್ಮನೆ ನೋಡುತ್ತ ನಿಂತಿದ್ದಳು. ಆಮೇಲೆ ಅಂದಳು: "ಹೋದ ಸಲದ್ದು ಅದರ ಪಾಲ ನಾವ ತಿಂದ್ವಿ, ಅಲ್ಲೇನೋ?"

ನಾನು ಏನೂ ಹೇಳಲಿಲ್ಲ.

ನಾಲ್ಕನೆಯ ದಿನ ಡಬ್ಬಿ ಬಂತು, ಚಿಕ್ಕದು. ಗಿಣ್ಣ ಈ ಸಲ ಅಷ್ಟು ಗಟ್ಟಿಯಾಗಿರಲಿಲ್ಲ. ಹುಟ್ಟಿದ್ದು ಹೆಣ್ಣುಗರು. ಫೋನಿನ ಕ್ಯಾಲೆಂಡರಿನಲ್ಲಿ ಪ್ರಾಜೆಕ್ಟಿನ ತಾರೀಕುಗಳ ನಡುವೆ ಬರೆದಿಟ್ಟಿದ್ದೇನೆ: ನಾಲ್ಕು ತಿಂಗಳಿಗೆ ಕಾಲುಬಾಯಿ ಬೇನೆ, ಮುಂದಿನ ತಿಂಗಳು ಅದರ ಬೂಸ್ಟರ್, ಎಂಟು ತಿಂಗಳು ತುಂಬುವುದರೊಳಗೆ ಕಂದು ಹಾಕಿಸುವ ಬ್ರುಸೆಲ್ಲಾ ರೋಗದ ಲಸಿಕೆ.