ಏರ್‌ಲೂಮ್ ಅಂದ್ರೆ ಗಾಳಿ ಮಗ್ಗ ಅಲ್ಲ

ಹೋದ ದೀಪಾವಳಿಗೆ ಮುಂಚೆ ಹೆಂಡತಿಗೆ ಸೀರೆ ತರೋಕೆ ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಇಳಕಲ್ ಸೀರೆಗೆ ಕಟ್ಟಿದ್ದ ಇಂಗ್ಲಿಷ್ ಚೀಟಿಯನ್ನ 'ಹೇರ್‌ಲೂಮ್' ಅಂತ ಓದಿದೆ. ಕೌಂಟರಿನ ಹುಡುಗಿ ಮೆಲ್ಲಗೆ, "ಏರ್‌ಲೂಮ್ ಸರ್, ಎಚ್ ಸೈಲೆಂಟು" ಅಂದಳು. ಬಿಇ ಮುಗಿಸಿ ಹನ್ನೆರಡು ವರ್ಷ ಕೋಡ್ ಬರೆದ ಮೇಲೂ ಈ ಸೈಲೆಂಟ್ ಅಕ್ಷರಗಳು ಕನ್ನಡ ಮೀಡಿಯಂನವರನ್ನ ಎಲ್ಲಿ ಹಿಡಿದುಹಾಕ್ತವೋ ಹೇಳೋಕಾಗಲ್ಲ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಈ ಕತೆ ಹೇಳಿದೆ. ನಮ್ಮೂರು ಬನಹಟ್ಟಿ ಪಕ್ಕದ ಹಳ್ಳಿ, ಅಪ್ಪ ನೇಕಾರ. "ಏರ್‌ಲೂಮ್ ಅಂದ್ರ ಗಾಳಿ ಮಗ್ಗ ಏನೋ ತಮ್ಮಾ?" ಅಂದ. ಅವನದೇನೂ ತಪ್ಪಿಲ್ಲ. ಏರ್‌ಜೆಟ್ ಮಗ್ಗ ಅಂತ ಇದೆ. ಅದಕ್ಕೆ ಲಾಳಿಯೇ ಇಲ್ಲ, ಗಾಳಿಯ ರಭಸಕ್ಕೆ ಹೊಕ್ಕಿನ ಎಳೆ ಆಚೆ ಬದಿಗೆ ಹಾರುತ್ತೆ.

ಡಿಕ್ಷನರಿ ತೆಗೆದೆ. 'ಏರ್' ಅಂದ್ರೆ ವಾರಸುದಾರ. ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದದ್ದು, ಎಚ್ ಬಾಯಿ ಮುಚ್ಚಿಕೊಂಡದ್ದು ಆ ದಾರಿಯಲ್ಲೇ. 'ಲೂಮ್' ಮಾತ್ರ ಇಂಗ್ಲಿಷರ ಮನೆಮಾತು. ಮಗ್ಗ ಅನ್ನೋ ಅರ್ಥ ಬರೋಕೆ ಮುಂಚೆ ಅದು ಯಾವುದೇ ಉಪಕರಣಕ್ಕೆ, ಸಾಮಾನಿಗೆ ಇದ್ದ ಹೆಸರು. 15ನೇ ಶತಮಾನದಲ್ಲಿ ಎರಡೂ ಕೂಡಿದಾಗ ಆದ ಅರ್ಥ: ಮನೆಯ ಜೊತೆಗೇ ವಾರಸುದಾರನಿಗೆ ಹೋಗಬೇಕಾದ ಸಾಮಾನು. ಅದನ್ನ ಮನೆಯಿಂದ ಬಿಡಿಸಿ ಬೇರೆಯವರಿಗೆ ಉಯಿಲು ಬರೆಯೋ ಹಾಗಿರಲಿಲ್ಲ.

ಅಂದ್ರೆ ಆ ಪದದೊಳಗೆ ನೇಯ್ಗೆಯೇ ಇಲ್ಲ. ಬರೀ ಸಾಮಾನು.

ಈ 'ಸಾಮಾನು' ಓದಿ ಸುಮ್ಮನೆ ಕೂತೆ. ಏಳು ವರ್ಷದ ಹಿಂದೆ ಅಪ್ಪ ಫೋನಿನಲ್ಲಿ ಅದೇ ಮಾತು ಬಳಸಿದ್ದ. "ಮಗ್ಗದ ಸಾಮಾನು ಕೇಳಾಕ ಬಂದಾರ. ನಿನಗೇನರ ಬೇಕೇನು?" ಅದು ಅಜ್ಜನ ಕಾಲದ ಕುಣಿಮಗ್ಗ. ಅವತ್ತು ನಮಗೆ ರಿಲೀಸ್ ಇತ್ತು, ಹಳೇ ಲೆಗಸಿ ಕೋಡ್ ಕಿತ್ತುಹಾಕ್ತಾ ಇದ್ವಿ. (ಲೆಗಸಿ ಅಂದ್ರೂ ಹಿರಿಯರು ಬಿಟ್ಟುಹೋದದ್ದೇ. ನಮ್ಮ ಆಫೀಸಿನಲ್ಲಿ ಅದು ಬೈಗುಳ.) "ಎಲ್ಲಿ ಇಡ್ಲಿ ಅಪ್ಪಾ ಅದನ್ನ?" ಅಂದೆ. "ಹೌದ್ ಬಿಡು" ಅಂದ. ಕಟ್ಟಿಗೆ ಲೆಕ್ಕದಾಗ ಹೋಯ್ತು. ಕುಣಿಗೆ ಮಣ್ಣು ತುಂಬಿ ಸಿಮೆಂಟ್ ಹಾಕಿಸಿದರು. ಅಪ್ಪ ಪಾವರ್‌ಲೂಮ್ ಶೆಡ್ಡಿಗೆ ಕೂಲಿಗೆ ಹೊಂಟ.

ಹಬ್ಬಕ್ಕೆ ಊರಿಗೆ ಹೋದಾಗ ಹೆಂಡತಿ ಸೀರೆ ತೋರಿಸಿದಳು. ಅಪ್ಪ ಆ ಸಿಮೆಂಟಿನ ಮೇಲೇ ಕೂತಿದ್ದ. ಸೀರೆ ಹಿಂದುಮುಂದು ತಿರುವಿ, ಸೆರಗು ಶುರುವಾಗೋ ಕಡೆ ಬೆರಳಾಡಿಸಿದ. ಇಳಕಲ್ ಕೈಮಗ್ಗದ ಸೀರೆಯಾದ್ರೆ ಅಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಿರ್ತಾರೆ.

"ಕೊಂಡಿ ಇಲ್ಲ," ಅಂದ. "ಪಾವರ್‌ಲೂಮಿಂದ ಐತಿ. ಚಲೋ ಐತಿ ಬಿಡವ್ವಾ, ಬಣ್ಣ ಒಪ್ಪತೈತಿ."

ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಕೊಟ್ಟಿ?" ಅಂತ ಕೇಳಿದ.

ಅರ್ಧ ಹೇಳಿದೆ.